ಕುಮಾರ ಪರ್ವತವೋ, ಕುದುರೆಮುಖವೋ? ನನ್ನ ಮಂಡಿಯನ್ನೂ ಕೇಳಿ

ನನಗೂ ನನ್ನ ಷಡ್ಡಕನಿಗೂ ಒಂದು ಹಳೇ ಜಗಳ ಇದೆ. ಕುಮಾರ ಪರ್ವತ ಹತ್ತದವನು ಚಾರಣದ ಮಾತೇ ಎತ್ತಬಾರದು ಅನ್ನುವುದು ಅವನ ವಾದ. ಹತ್ತುವ ಬೆಟ್ಟ ಬೇರೆ, ನಡೆಯುವ ಬೆಟ್ಟ ಬೇರೆ ಅನ್ನುವುದು ನನ್ನದು. ಮನೆಯಲ್ಲಿ ನಾಮಕರಣ, ಗೃಹಪ್ರವೇಶ ಏನೇ ಇರಲಿ, ಎಲೆ ಮುಂದೆ ಕೂತ ಕೂಡಲೇ ಇದು ಶುರು. ಕುಮಾರ ಪರ್ವತ, ನನ್ನ ಕುದುರೆಮುಖ, ಎರಡನ್ನೂ ಇಬ್ಬರೂ ಒಟ್ಟಿಗೇ ನಡೆದಿದ್ದೇವೆ. ಜೊತೆಗೆ ನಾನು ಕೊಡಗಿನ ತಡಿಯಂಡಮೋಳ್‌ಗೂ ಹೋಗಿಬಂದಿದ್ದೇನೆ. ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಅವನ ಬೆಟ್ಟ. ಕುಮಾರ ಪರ್ವತದ ಎತ್ತರ 1,712 ಮೀಟರ್. ಕುದುರೆಮುಖ 1,894. ಹಾಗಾದರೆ ಕುದುರೆಮುಖವೇ ಕಷ್ಟ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕ ತಪ್ಪುವುದು ಇಲ್ಲೇ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಹೊರಟರೆ 1,500 ಮೀಟರ್‌ಗೂ ಜಾಸ್ತಿ ಏರು. ಕುದುರೆಮುಖಕ್ಕೆ ಹೊರಡುವ ಮುಳ್ಳೋಡಿ ಮಾತ್ರ ಆಗಲೇ ಘಟ್ಟದ ಮೇಲಿದೆ. ಬೆಟ್ಟದ ಎತ್ತರ ನೋಡಬೇಡಿ, ಹೊರಡುವ ಜಾಗದ ಎತ್ತರ ನೋಡಿ.

ನಾವು ಹೋಗಿದ್ದು ನವೆಂಬರ್‌ನಲ್ಲಿ. ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಕುಕ್ಕೆಯಲ್ಲಿ ದೋಸೆ ತಿಂದು ಹೊರಟೆವು. ಮೊದಲ ಐದಾರು ಕಿಲೋಮೀಟರ್ ಬರೀ ಕಾಡು. ಬೇರುಗಳೇ ಮೆಟ್ಟಿಲು. ಈ ಕಾಡು ನೆರಳು ಕೊಡುತ್ತದೆ, ಗಾಳಿ ಕೊಡುವುದಿಲ್ಲ. ಕರಾವಳಿಯ ಸೆಕೆ ಮರಗಳ ಕೆಳಗೆ ನಿಂತುಬಿಟ್ಟಿರುತ್ತದೆ. ಭೀಮನ ಬಂಡೆ ಹತ್ತಿರ ಬರುವಷ್ಟರಲ್ಲಿ ಷರ್ಟು ಹಿಂಡಿದರೆ ನೀರು ಸುರಿಯುತ್ತಿತ್ತು. ನೋಡಲಿಕ್ಕೂ ಏನಿಲ್ಲ, ಮುಂದಿನವನ ಹಿಮ್ಮಡಿ ಬಿಟ್ಟು.

ಗಿರಿಗದ್ದೆ ಬಂದಾಗ ಎಲ್ಲ ಬದಲಾಗುತ್ತದೆ. ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆ. ಆ ಊಟದ ರುಚಿ ಊಟದ್ದೋ ಹಸಿವಿನದ್ದೋ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ರಾತ್ರಿ ಅಲ್ಲೇ ಮಲಗಿ, ಕತ್ತಲಿರುವಾಗಲೇ ಟಾರ್ಚ್ ಹಿಡಿದು ಹೊರಟೆವು. ಅಲ್ಲಿಂದ ಮುಂದೆ ಹುಲ್ಲಿನ ಬೆಟ್ಟ. ನೆರಳೇ ಇಲ್ಲ. ಕಲ್ಲುಮಂಟಪದ ಹತ್ತಿರ ನೀರು ತುಂಬಿಕೊಂಡರೆ ಸರಿ. ಇಲ್ಲದಿದ್ದರೆ ವಾಪಸ್ ಬರುವಾಗ ಬೇರೆಯವರ ಬಾಟಲಿ ನೋಡುತ್ತಾ ಬರಬೇಕಾಗುತ್ತದೆ, ನನ್ನ ಹಾಗೆ.

ಶೇಷ ಪರ್ವತ ಮುಟ್ಟಿದಾಗ, ಅಬ್ಬಾ, ಮುಗೀತು ಅಂತ ಕೂತೆ. ಷಡ್ಡಕ ಎದುರಿಗೆ ಕೈ ತೋರಿಸಿದ. "ಭಾವ, ಅದು ನೋಡಿ, ಅದು ಕುಮಾರ ಪರ್ವತ." ಮಧ್ಯೆ ಒಂದು ತಗ್ಗು, ಅದರಲ್ಲಿ ದಟ್ಟ ಕಾಡು, ಆಮೇಲೆ ಕೈಕಾಲು ಎರಡೂ ಊರಿ ಹತ್ತಬೇಕಾದ ಬಂಡೆ. ತುದಿಯಲ್ಲಿ ನಿಂತಾಗ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಖುಷಿಯಲ್ಲಿ ಅರ್ಧ ಇನ್ನು ಹತ್ತುವುದಿಲ್ಲವಲ್ಲ ಎಂಬುದಕ್ಕೆ.

ಇನ್ನು ಇಳಿಯುವುದು. ಇದರ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಒಂದೇ ದಿನದಲ್ಲಿ 13 ಕಿಲೋಮೀಟರ್ ಇಳಿದು ಕುಕ್ಕೆಗೆ ಬರುವಷ್ಟರಲ್ಲಿ ನನ್ನ ಎಡ ಮಂಡಿ ನನ್ನದಾಗಿ ಉಳಿದಿರಲಿಲ್ಲ. ಕೊನೆಯ ಕಾಡಿನಲ್ಲಿ ಹಿಂದುಮುಂದಾಗಿ ಇಳಿದೆ. ಆಮೇಲೆ ಒಂದು ವಾರ ಮನೆಯ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದೆ. ಸೋಮವಾರಪೇಟೆ ಕಡೆಯಿಂದ, ಬೀದಳ್ಳಿಯ ದಾರಿಯಲ್ಲಿ ಹತ್ತಿದರೆ ದೂರ ಅರ್ಧದಷ್ಟೇ. ಆ ದಾರಿ ಹೇಳಿದರೆ ಷಡ್ಡಕ ಮುಖ ತಿರುಗಿಸುತ್ತಾನೆ.

ಕುದುರೆಮುಖಕ್ಕೆ ಹೋಗಿದ್ದು ಎರಡು ವರ್ಷ ಕಳೆದು, ಸೆಪ್ಟೆಂಬರ್ ಕೊನೆಯಲ್ಲಿ. ಕಳಸದ ಹತ್ತಿರದ ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು. ಆ ಜೀಪಿನಲ್ಲಿ ಕೂತು ಬಂದದ್ದಕ್ಕಿಂತ ನಡೆದು ಬಂದಿದ್ದರೇ ಸೊಂಟಕ್ಕೆ ಒಳ್ಳೆಯದಿತ್ತು. ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ. ನಾವು ಮಾತಾಡಿರಲಿಲ್ಲ.

ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು. ಕುಮಾರ ಪರ್ವತಕ್ಕಿಂತ ತೀರಾ ಕಡಿಮೆಯೇನಲ್ಲ. ಆದರೆ ಇಲ್ಲಿ ದಾರಿ ಏರುತ್ತದೆ, ಸ್ವಲ್ಪ ಹೊತ್ತು ಸಮನಾಗಿ ಹೋಗುತ್ತದೆ, ಹಳ್ಳಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಕಾಲಿಗೆ ಉಸಿರಾಡಲು ಬಿಡುತ್ತದೆ. ಒಂಟಿಮರ ದಾಟಿದ ಮೇಲೆ ಎಡಕ್ಕೂ ಬಲಕ್ಕೂ ಹಸಿರು ಗುಡ್ಡಗಳು. ಗುಡ್ಡದ ಮೈಯೆಲ್ಲ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು. ಇದೇ ಶೋಲಾ. ಗಾಳಿ ಹೊಡೆತ ಕಡಿಮೆ ಇರುವ, ಮಣ್ಣೂ ನೀರೂ ನಿಲ್ಲುವ ತಗ್ಗಿನಲ್ಲೇ ಮರಗಳು ಗುಂಪಾಗುತ್ತವೆ. ಹುಲ್ಲು ಮತ್ತು ಶೋಲಾ ಸೇರಿ ಮಳೆನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ. ಅದಕ್ಕೇ ದಾರಿಯುದ್ದಕ್ಕೂ ಹಳ್ಳಗಳು. ಶೂ ಬಿಚ್ಚಿ, ಪ್ಯಾಂಟು ಮಡಚಿ, ತಣ್ಣನೆ ನೀರಿನಲ್ಲಿ ಕಾಲಿಟ್ಟು ನಿಂತರೆ ಮಂಡಿ ತಾನಾಗೇ ಸುಮ್ಮನಾಗುತ್ತದೆ. ಕುಮಾರ ಪರ್ವತದಲ್ಲಿ ಈ ಸುಖ ಇಲ್ಲ.

ಲೋಬೊ ಮನೆ ಅನ್ನುವ ಪಾಳು ಜಾಗ ಬರುತ್ತದೆ, ಮೇಲೆ ಒಂದು ಹಳೇ ಚರ್ಚಿನ ಗೋಡೆಗಳು ಬಿದ್ದುಕೊಂಡಿವೆ. ಇಷ್ಟು ಮಳೆ, ಇಷ್ಟು ಮಂಜಿನ ನಡುವೆ ಅದನ್ನು ಕಟ್ಟಿದವರು ದಿನಸಿ ಎಲ್ಲಿಂದ ತರುತ್ತಿದ್ದರೋ ಅಂತ ನಾವು ಗೋಡೆಗೆ ಒರಗಿ ಚಿತ್ರಾನ್ನ ತಿನ್ನುತ್ತಾ ಮಾತಾಡಿದೆವು. ಇದೇ ಬೆಟ್ಟಗಳ ಸಾಲಿನ ಇನ್ನೊಂದು ಕಡೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನ ಆಯಿತು. ಗಣಿ ನಿಂತದ್ದು ಮಾತ್ರ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2005ರ ಕೊನೆಗೆ.

ಕುದುರೆಮುಖದ ತೊಂದರೆಗಳನ್ನೂ ಹೇಳಿಬಿಡಬೇಕು. ಒಂದು, ಉಂಬಳ, ಅಂದರೆ ಜಿಗಣೆ. ಮಳೆಗಾಲದಲ್ಲಿ, ಅದರ ಹಿಂದೆಮುಂದೆ ಹೋದರೆ ಲೆಕ್ಕ ಇಡಲಾರಿರಿ. ನಾನು ಕಾಲ್ಚೀಲಕ್ಕೆ ಉಪ್ಪು ಮೆತ್ತಿಕೊಂಡಿದ್ದೆ, ಮೊದಲನೇ ಹಳ್ಳದಲ್ಲೇ ತೊಳೆದುಹೋಯಿತು. ಹೋಂಸ್ಟೇಯ ಅಜ್ಜಿ ಹೊಗೆಸೊಪ್ಪು, ಸುಣ್ಣ ಸೇರಿಸಿ ಬಟ್ಟೆಯಲ್ಲಿ ಕಟ್ಟಿ, ಕೋಲಿನ ತುದಿಗೆ ಸಿಕ್ಕಿಸಿ ಕೊಟ್ಟಿದ್ದರು. "ಕಿತ್ತು ಎಳೀಬೇಡಿ ಮಾರಾಯ್ರೆ, ಇದನ್ನ ಮುಟ್ಟಿಸಿ ಸಾಕು" ಅಂದಿದ್ದರು. ಅದೇ ಕೆಲಸ ಮಾಡಿತು. ಎರಡನೆಯದು ಮಂಜು. ತುದಿಗೆ ಹೋದಾಗ ನಮಗೆ ಕಂಡದ್ದು ಬರೀ ಬಿಳಿ. ಅರಬ್ಬಿ ಸಮುದ್ರ ಕಾಣುತ್ತದೆ ಅಂತ ಗೈಡ್ ಕೈ ತೋರಿಸಿದ ಕಡೆ ಮಂಜು, ಹಿಂದೆಯೂ ಮಂಜು. ಷಡ್ಡಕನಿಗೆ ಇದೇ ದೊಡ್ಡ ಅಸ್ತ್ರ. "ಇಡೀ ದಿನ ನಡೆದು ಏನು ನೋಡಿದ್ರಿ ಭಾವ?" ನಿಜ, ತುದಿಯಲ್ಲಿ ಏನೂ ಕಾಣಲಿಲ್ಲ. ದಾರಿಯಲ್ಲಿ ಆಗಲೇ ಎಲ್ಲ ನೋಡಿಯಾಗಿತ್ತಲ್ಲ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ತುದಿಗೆ 7 ಕಿಲೋಮೀಟರ್ ಆಸುಪಾಸು. 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು. ಅರಮನೆ ಅಂದರೆ ಮೈಸೂರಿನದ್ದನ್ನು ನೆನೆಸಿಕೊಳ್ಳಬೇಡಿ, ಕಾಡಿನಲ್ಲಿ ಬಚ್ಚಿಟ್ಟುಕೊಂಡ ದೊಡ್ಡ ಮನೆಯ ಹಾಗಿದೆ. ಇಲ್ಲಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ, ಆಗ ಅವಳಿಗೆ ಹನ್ನೊಂದು. ಅರ್ಧ ದಾರಿ ಕಾಫಿ ತೋಟದ ಮಾತಾಡುತ್ತಾ ಹೋದಳು. ಕೊನೆಯ ಕಡಿದಾದ ಕಾಡಿನಲ್ಲಿ ಅಪ್ಪ ಇನ್ನೆಷ್ಟು ದೂರ ಅಂತ ಹದಿನೈದು ಸಲ ಕೇಳಿದಳು. ಮಧ್ಯಾಹ್ನಕ್ಕೆಲ್ಲ ಕೆಳಗಿದ್ದೆವು. ಕೊಡಗಿನ ಅಕ್ಕಿ ಕಡುಬು ಕಡಂಬುಟ್ಟು ತಿಂದು ಅವಳು ಕೇಳಿದ್ದು, "ಮುಂದಿನ ಬೆಟ್ಟ ಯಾವುದು?" ಮಕ್ಕಳಿಗೆ, ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಉದ್ದದ ನಡಿಗೆಯ ಹಸಿವು ಇದರಲ್ಲಿ ತೀರುವುದಿಲ್ಲ.

ಮುಳ್ಳಯ್ಯನಗಿರಿ, ಕೊಡಚಾದ್ರಿ ಏಕೆ ಬಿಟ್ಟೆ ಅಂತ ಕೇಳಬಹುದು. ಮುಳ್ಳಯ್ಯನಗಿರಿಯಲ್ಲಿ ಸರ್ಪದಾರಿ ಹಿಡಿದು ಬೆವರು ಸುರಿಸಿ ಮೇಲೆ ಹೋದರೆ, ಅಲ್ಲಿ ಕಾರಿನಲ್ಲಿ ಬಂದವರು ಸೆಲ್ಫಿ ತೆಗೆಯುತ್ತಿರುತ್ತಾರೆ. ಕೊಡಚಾದ್ರಿಗೆ ಜೀಪಿದೆ. ಎರಡೂ ಚಂದ, ಆದರೆ ನನಗೆ ಸಿಟ್ಟು ಬರುತ್ತದೆ.

ಹೊರಡುವ ಮೊದಲು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುತ್ತದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ. ನಾವು ಗಿರಿಗದ್ದೆಯಲ್ಲಿ ಮಲಗಿದ ಕಾಲದ ನಿಯಮವನ್ನು ನಂಬಿಕೊಂಡು ಹೋಗಬೇಡಿ.

ಮೂವತ್ತರ ಒಳಗಿದ್ದು, ಮಂಡಿ ಗಟ್ಟಿ ಇದ್ದು, ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಆಸೆ ಇದ್ದರೆ ಕುಮಾರ ಪರ್ವತ. ಮಕ್ಕಳಿದ್ದರೆ ತಡಿಯಂಡಮೋಳ್. ಒಂದೇ ಒಂದು ಶನಿವಾರ ನನಗೆ ಸಿಕ್ಕರೆ, ಯೋಚನೆ ಇಲ್ಲದೆ ಕುದುರೆಮುಖ. ಷಡ್ಡಕ ಈ ಡಿಸೆಂಬರ್‌ಗೆ ಮತ್ತೆ ಕುಕ್ಕೆ ಅನ್ನುತ್ತಿದ್ದಾನೆ. ಬೀದಳ್ಳಿ ಕಡೆಯಿಂದ ಆದರೆ ಬರುತ್ತೇನೆ ಅಂದಿದ್ದೇನೆ. ಅವನಿನ್ನೂ ಉತ್ತರ ಕೊಟ್ಟಿಲ್ಲ.