ಆಂಕೋರ್ ವಾಟ್ ಅಥವಾ ಬೊರೊಬುದೂರ್: ಮೊದಲು ಯಾವುದಕ್ಕೆ ಹೋಗೋಣ?

ಮೂರು ದಿನ ಬಿಡುವಿದ್ದರೆ ಕಾಂಬೋಡಿಯಾದ ಆಂಕೋರ್ ವಾಟ್‌ಗೇ ಹೋಗಿ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ವಿಷ್ಣು ದೇವಾಲಯ ಇದು. ಮುಖ ಪಶ್ಚಿಮಕ್ಕಿದೆ, ಹಾಗಾಗಿ ಸೂರ್ಯ ಗೋಪುರಗಳ ಹಿಂದಿನಿಂದ ಏಳುತ್ತಾನೆ. ಜನ ಕೊಳದ ಹತ್ತಿರ ಫೋಟೋಗೆ ನೂಕಾಡುತ್ತಿರುತ್ತಾರೆ. ನೀವು ಸುಮ್ನೆ ಪೂರ್ವದ ಮೊಗಸಾಲೆಗೆ ನಡೆಯಿರಿ. ಅಲ್ಲಿ ಸಮುದ್ರಮಥನದ ಉಬ್ಬುಶಿಲ್ಪ ಸುಮಾರು 49 ಮೀಟರ್ ಉದ್ದ ಇದೆ. ವಾಸುಕಿಯನ್ನು ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು ಎಳೆಯುತ್ತಿದ್ದಾರೆ. ನಡುವೆ ವಿಷ್ಣು, ಕೆಳಗೆ ಆಮೆ. ಕಥೆ ಗೊತ್ತಿರುವ ನಮಗೆ ಗೈಡ್ ಯಾಕೆ, ಅಲ್ವಾ?

ಜಾವಾದ ಬೊರೊಬುದೂರ್ 9ನೇ ಶತಮಾನದ ಬೌದ್ಧ ಸ್ತೂಪ. ಗರ್ಭಗುಡಿ ಇಲ್ಲ, ಸುತ್ತುತ್ತಾ ಹತ್ತುವುದೇ ದರ್ಶನ. ತುದಿಯಲ್ಲಿ 72 ಜಾಲರಿ ಸ್ತೂಪಗಳಿವೆ. ಅರ್ಧ ದಿನ ಸಾಕು. ಮೇಲೆ ಹತ್ತುವವರ ಸಂಖ್ಯೆಗೆ ಮಿತಿಯಿದೆ, ಟಿಕೆಟ್ ಮೊದಲೇ ಬುಕ್ ಮಾಡಿ. ಮಂಡಿನೋವಿದ್ದವರಿಗೆ ಎರಡೂ ಕಡೆಯ ಮೆಟ್ಟಿಲು ಕಷ್ಟವೇ.