ಲೋಕಲ್ ಅನಸ್ತೀಷಿಯಾ ವಿಷವೇರಿದರೆ: ಪಿಜಿ ವೈದ್ಯರಿಗೆ ಪಾಠವೋ, ಅಣಕು ತರಬೇತಿಯೋ?

ಬೆಂಗಳೂರಿನ ರಿಹ್ಯಾಬ್ ವಿಭಾಗವೊಂದರಲ್ಲಿ, ಮರಗಟ್ಟಿಸುವ ಮದ್ದು ರಕ್ತದಲ್ಲಿ ಹೆಚ್ಚಾಗಿ ವಿಷವಾದರೆ ಏನು ಮಾಡಬೇಕೆಂದು ಪಿಜಿಗಳಿಗೆ ಕಲಿಸಲು ಹೊರಟಿದ್ದೀರಾ? ಸ್ಲೈಡ್ ಹಾಕಿ ಪಾಠ ಮಾಡಬಹುದು, ಇಲ್ಲವೇ ಗೊಂಬೆ ಮಲಗಿಸಿ ಅಣಕು ತುರ್ತು ನಡೆಸಬಹುದು.

ಡೋಸ್ ಲೆಕ್ಕಕ್ಕೆ ಪಾಠ ಸಾಕು. ಮರಗಟ್ಟಿಸುವ ಮದ್ದಾದ ಲಿಗ್ನೋಕೇನ್ 2% ಅಂದರೆ ಎಂಎಲ್‌ಗೆ 20 ಮಿಗ್ರಾಂ. ಅಡ್ರಿನಲಿನ್ ಬೆರೆಸದಿದ್ದರೆ ಕೆಜಿಗೆ 4.5 ಮಿಗ್ರಾಂ ಮಿತಿ. 50 ಕೆಜಿ ರೋಗಿಗೆ ಸುಮಾರು 11 ಎಂಎಲ್, ಅಷ್ಟೇ. ಬಾಯಿ ಸುತ್ತ ಜೋಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು: ವಿಷವೇರುವ ಈ ಲಕ್ಷಣಗಳನ್ನೂ ಹೇಳಿಕೊಡಬಹುದು. ಆನ್‌ಲೈನ್‌ನಲ್ಲೇ ಮುಗಿಸಿದರೆ ಸಿಲ್ಕ್ ಬೋರ್ಡ್ ದಾಟುವ ಗೋಳೂ ತಪ್ಪುತ್ತದೆ!

ಆದರೆ ರೋಗಿಗೆ ಫಿಟ್ಸ್ ಬಂದಾಗ ಸ್ಲೈಡ್ ನೆನಪಾಗುತ್ತದಾ? ಅಲ್ಲಿ ಅಣಕು ತರಬೇತಿಯೇ ಮೇಲು. ಒಬ್ಬರು ಆಕ್ಸಿಜನ್ ಕೊಟ್ಟು ಉಸಿರಾಟ ನೋಡಬೇಕು, ಒಬ್ಬರು ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಕೊಡಬೇಕು, ಇನ್ನೊಬ್ಬರು ಈ ವಿಷಕ್ಕೆ ಮದ್ದಾದ 20% ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಬಿಳಿ ಕೊಬ್ಬಿನ ದ್ರಾವಣ) ತರಬೇಕು. ಅದರ ಮೊದಲ ಡೋಸ್ ಕೆಜಿಗೆ 1.5 ಎಂಎಲ್. 50 ಕೆಜಿಗೆ 75 ಎಂಎಲ್, 2-3 ನಿಮಿಷದಲ್ಲಿ. ಬಾಟಲಿ ಯಾವ ಕಪಾಟಿನಲ್ಲಿದೆ ಅಂತ ಕೇಳಿ ನೋಡಿ, ಮುಖಗಳು ಬಿಳಿಚುತ್ತವೆ. ಪ್ರಜ್ಞೆ ತಪ್ಪಿಸುವ ಮದ್ದು ಪ್ರೊಪೊಫಾಲ್ ಕೂಡ ಬೆಳ್ಳಗಿದೆ, ನಿಜ. ಆದರೆ ಅದು ಇದರ ಬದಲಿ ಅಲ್ಲ.

ಹೃದಯ ನಿಂತರೆ ಸಿಪಿಆರ್ ಜೊತೆ ಅಡ್ರಿನಲಿನ್ ಕೊಡುವುದು ಚಿಕ್ಕ ಡೋಸ್‌ನಲ್ಲಿ, ಕೆಜಿಗೆ 1 ಮೈಕ್ರೋಗ್ರಾಂ ಮೀರದಂತೆ. ರೂಢಿಯಾದ ಕೈ ಮಾತ್ರ ಹೃದಯ ನಿಂತಾಗ ಸಾಮಾನ್ಯವಾಗಿ ಕೊಡುವ 1 ಮಿಗ್ರಾಂ ಕಡೆಗೇ ಹೋಗುತ್ತದೆ. ಈ ಅಭ್ಯಾಸ ಸುಮ್ನೆ ಕೇಳಿದರೆ ಬಿಡುವಂಥದ್ದಲ್ಲ.

ಸಮಯ ಒಂದಕ್ಕೇ ಇದ್ದರೆ ನಾನು ಅಣಕು ತರಬೇತಿಯನ್ನೇ ಆರಿಸುತ್ತೇನೆ. ದುಬಾರಿ ಗೊಂಬೆ ಬೇಡ. ನಿಮ್ಮದೇ ಇಂಜೆಕ್ಷನ್ ರೂಮು, ನಿಮ್ಮದೇ ನರ್ಸ್‌ಗಳು, ಗೋಡೆ ಮೇಲೊಂದು ಚೆಕ್‌ಲಿಸ್ಟ್ ಇದ್ದರೆ ಆಯಿತು. ಲೆಕ್ಕದ ಹಾಳೆಯನ್ನು ಹಿಂದಿನ ದಿನ ವಾಟ್ಸ್ಆ್ಯಪ್ ಮಾಡಿ.