ಸೂಪರ್ ಮಾರ್ಕೆಟ್ ಗಲ್ಲಿಯ ಕುರ್ಚಿ ಅಂಗಡಿ: ಮೊದಲು ನಿಮ್ಮನ್ನು ಕೂರಿಸಿ ನೋಡುತ್ತಾರೆ

ಕಲಬುರಗಿ ಕೋರ್ಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. 11 ವರ್ಷ ಆಯ್ತು. ಬೆಳಿಗ್ಗೆ 10ಕ್ಕೆ ಕೂತರೆ ಏಳುವುದು ರಾತ್ರಿ 8ಕ್ಕೆ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಎಲ್ಲ ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲೇ ಟೈಪ್. ನುಡಿಯಲ್ಲಿ ಟೈಪ್ ಮಾಡುವವರಿಗೆ ಗೊತ್ತಿರುತ್ತದೆ, ಒಂದೊಂದು ಒತ್ತಕ್ಷರಕ್ಕೂ ಎಡಗೈ ತೋರುಬೆರಳು ‘ಎಫ್’ ಒತ್ತಬೇಕು, ದೀರ್ಘಕ್ಕೆ ಮತ್ತು ಮಹಾಪ್ರಾಣಕ್ಕೆ ಕಿರುಬೆರಳು ಶಿಫ್ಟ್ ಹಿಡಿಯಬೇಕು. ‘ರಾಷ್ಟ್ರ’ ಅನ್ನುವ ಒಂದೇ ಪದಕ್ಕೆ ‘ಎಫ್’ ಎರಡು ಸಲ. ದಿನವಿಡೀ ಇದೇ ಕೆಲಸ.

ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಂದು ರೆಕ್ಸಿನ್ ಕುರ್ಚಿ ತರಿಸಿದ್ದೆ. ನೋಡೋಕೆ ದೊಡ್ಡ ಸಾಹೇಬರ ಕುರ್ಚಿ. ನಾಲ್ಕು ತಿಂಗಳಿಗೆ ಸೀಟು ತಗ್ಗಾಯಿತು. ಆಮೇಲೆ ಸೀಟನ್ನು ಎತ್ತರದಲ್ಲಿ ಹಿಡಿದಿಡುವ ಗ್ಯಾಸ್ ಹೋಯಿತು. ಎಷ್ಟು ಸಲ ಎತ್ತರ ಮಾಡಿದರೂ ಹತ್ತು ನಿಮಿಷದಲ್ಲಿ ಮೆಲ್ಲಗೆ ಕೆಳಗಿಳಿಯುತ್ತಿತ್ತು, ನಾನು ಭುಜ ಮೇಲೆತ್ತಿಕೊಂಡು ಟೈಪ್ ಮಾಡುತ್ತಿದ್ದೆ. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ, ಆ ರೆಕ್ಸಿನ್‌ಗೆ ಬೆನ್ನು ಅಂಟಿಕೊಂಡು ಕುಪ್ಪಸ ತೊಯ್ದು ಹೋಗುತ್ತಿತ್ತು. ಕುತ್ತಿಗೆ ನೋವು, ಸೊಂಟ ನೋವು ದಿನಾ ಇದ್ದದ್ದೇ. ವಯಸ್ಸಾಯಿತು ಅಂತ ಸುಮ್ನಿದ್ದೆ. ನನಗೆ 38.

ಪಕ್ಕದ ಅಂಗಡಿಯವರು ಹೇಳಿದ್ದು ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯ ಈ ಕುರ್ಚಿ ರಿಪೇರಿ ಅಂಗಡಿ. ಬೋರ್ಡ್ ಇಲ್ಲ. ಹೊರಗೆ ಬಿಚ್ಚಿದ ಕುರ್ಚಿಗಳ ರಾಶಿ, ಗೋಡೆಗೆ ನೇತು ಹಾಕಿದ ಚಕ್ರಗಳ ಸರ, ಅದೇ ಗುರುತು. ನಡೆಸುವವರು ವಯಸ್ಸಾದ ಒಬ್ಬ ಚಾಚಾ. ನಾನು ರೇಟು ಕೇಳಿದೆ. ಅವರು ರೇಟು ಹೇಳಲಿಲ್ಲ.

“ಅಕ್ಕಾರ, ಕುರ್ಚಿ ಆಮ್ಯಾಲ ನೋಡೋಣ್ರಿ. ನೀವು ದಿನಾ ಹ್ಯಾಂಗ ಕುಂದರ್ತೀರಿ, ಹಂಗ ಕುಂತು ತೋರ್ಸ್ರಿ” ಅಂದರು.

ಕೂತೆ. ಮುಂದೆ ಬಾಗಿ, ತುದಿಯಲ್ಲಿ, ಒಂದು ಕಾಲು ಕುರ್ಚಿ ಕೆಳಗೆ ಮಡಚಿಕೊಂಡು. ಅವರು ಟೇಪ್ ತಂದು ನೆಲದಿಂದ ನನ್ನ ಮೊಣಕಾಲಿನವರೆಗೆ ಅಳೆದರು, ಸೀಟಿನಿಂದ ಮೊಣಕೈವರೆಗೆ ಅಳೆದರು, ಒಂದು ರಟ್ಟಿನ ಮೇಲೆ ಬರೆದುಕೊಂಡರು. “ಟೇಬಲ್ ಎಷ್ಟು ಎತ್ತರ ಅದ?” ಅಂದರು. ನನಗೆ ಗೊತ್ತಿರಲಿಲ್ಲ. ಮರುದಿನ ತಾವೇ ಅಂಗಡಿಗೆ ಬಂದರು. ಟೇಬಲ್ 30 ಇಂಚು. ನಾನು 5 ಅಡಿ ಇದ್ದೇನೆ. ಅಷ್ಟು ಎತ್ತರದ ಟೇಬಲ್ ಮೇಲೆ ಕೀಬೋರ್ಡ್ ಇಟ್ಟರೆ ಯಾವ ಕುರ್ಚಿಯಲ್ಲಿ ಕೂತರೂ ಒಂದೋ ಭುಜ ಏರುತ್ತದೆ, ಇಲ್ಲಾ ಕಾಲು ನೇತಾಡುತ್ತದೆ. ಇಷ್ಟು ವರ್ಷ ನಾನು ಬೈದದ್ದು ಕುರ್ಚಿಗೆ ಮಾತ್ರ.

ಬಡಿಗೇರ ಹುಡುಗನನ್ನು ಕರೆಸಿ ಟೇಬಲ್‌ನ ನಾಲ್ಕೂ ಕಾಲು 2 ಇಂಚು ಕತ್ತರಿಸಿದರು. ಸೀಟು ಈಗ 19 ಇಂಚಿನಲ್ಲಿದೆ. ಮೊಣಕೈ ಕೀಬೋರ್ಡ್‌ನ ಮಟ್ಟಕ್ಕೇ ಬರುತ್ತದೆ, ಮುಂಗೈ ನೇರ, ಭುಜ ಸಡಿಲ. ಕಾಲಿಗೆ ಫುಟ್‌ರೆಸ್ಟ್ ಮಾರುತ್ತಾರೆ ಅಂದುಕೊಂಡಿದ್ದೆ. “ಮನ್ಯಾಗ ಮಣಿ ಇಲ್ಲೇನ್ರಿ?” ಅಂದರು. ಊಟಕ್ಕೆ ಕೂರುವ ಮಣೆ, 4 ಇಂಚಿನದು, ಈಗ ನನ್ನ ಟೇಬಲ್ ಕೆಳಗಿದೆ. ಪೈಸೆ ಖರ್ಚಿಲ್ಲ.

ಇನ್ನು ಕುರ್ಚಿ. ಹೊಸದಲ್ಲ, ಹಳೆಯ ಗಟ್ಟಿ ಚೌಕಟ್ಟಿಗೆ ಹೊಸ ನೆಟ್ ಬೆನ್ನು, ಹೊಸ ಫೋಮ್, ಹೊಸ ಗ್ಯಾಸ್ ಹಾಕಿ ಕೊಟ್ಟದ್ದು. 4,200 ರೂಪಾಯಿ, ಟೇಬಲ್ ಕೆಲಸಕ್ಕೆ ಬೇರೆ 300. ಸೀಟಿನ ಆಳ ಕೂಡ ನೋಡಿದರು. ಬೆನ್ನು ಪೂರ್ತಿ ಆನಿಸಿ ಕೂತಾಗ ಸೀಟಿನ ಅಂಚಿಗೂ ಮೊಣಕಾಲ ಹಿಂಭಾಗಕ್ಕೂ ನಡುವೆ ಮೂರು ಬೆರಳು ಆಡಬೇಕು. ಹಳೆಯ ಕುರ್ಚಿಯಲ್ಲಿ ಒಂದು ಬೆರಳೂ ಹೋಗುತ್ತಿರಲಿಲ್ಲ, ಅದಕ್ಕೇ ನಾನು ಯಾವಾಗಲೂ ಮುಂದೆ ಜರುಗಿ ತುದಿಯಲ್ಲಿ ಕೂರುತ್ತಿದ್ದೆ ಅಂತ ಆಗ ತಿಳಿಯಿತು. ನೆಟ್‌ನಿಂದ ಗಾಳಿ ಆಡುತ್ತದೆ, ಬೆನ್ನು ಒಣಗಿರುತ್ತದೆ. ನಮ್ಮೂರಿಗೆ ಇದೇ ಸರಿ.

ಚಕ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಅಂಗಡಿ ನೆಲ ಶಹಾಬಾದ್ ಕಲ್ಲು, ಹಳೆಯ ಹಾಸು, ಸಂದಿಯ ಸಿಮೆಂಟು ಕಿತ್ತು ಹೋಗಿದೆ. ಪ್ಲಾಸ್ಟಿಕ್ ಚಕ್ರ ಸಂದಿಯಲ್ಲಿ ಸಿಕ್ಕಿ ಕುರ್ಚಿ ಗಕ್ಕನೆ ನಿಲ್ಲುತ್ತಿತ್ತು, ಎರಡು ಸಲ ಬೀಳುವುದು ತಪ್ಪಿತ್ತು. ಚಾಚಾ ರಬ್ಬರ್ ಸುತ್ತಿದ ದಪ್ಪ ಚಕ್ರ ಹಾಕಿದರು. ಕಲ್ಲಿನ ಮೇಲೆ ಜಾರುವುದಿಲ್ಲ, ಸದ್ದೂ ಇಲ್ಲ.

ಆದರೆ ಅವರಿಗೆ ನಾನು ಕೈ ಮುಗಿಯುವುದು ಬೇರೆ ಕಾರಣಕ್ಕೆ. ಚಕ್ರ ಹಾಕುತ್ತಾ ನೆಲದ ಮೇಲೆ ಕೂತಿದ್ದವರು ಒಂದು ವೈರನ್ನು ಬೆರಳಲ್ಲಿ ಎತ್ತಿ ತೋರಿಸಿದರು. ಕೂಲರ್‌ನ ವೈರು. ಕುರ್ಚಿ ಚಕ್ರ ದಿನಾ ಅದರ ಮೇಲೆ ಹತ್ತಿ ಇಳಿದು ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಮಿಂಚುತ್ತಿತ್ತು. ಪಕ್ಕದಲ್ಲೇ ತಗಡಿನ ಕೂಲರ್, ಕೆಳಗೆ ಸೋರಿದ ನೀರು. ನನ್ನ ಹತ್ತಿರ ಕೆಲಸ ಮಾಡುವ ಹುಡುಗಿ ಬರಿಗಾಲಲ್ಲಿ ಅಲ್ಲೇ ಓಡಾಡುತ್ತಾಳೆ. ಆ ಹೊತ್ತಿಗೆ ನನ್ನ ಎದೆ ಝಲ್ ಅಂದಿತು. ಅವತ್ತೇ ಕೂಲರ್ ಬಂದ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿದೆ. ಪ್ಲಗ್‌ನಲ್ಲಿ ಮೂರನೇ ಪಿನ್ ಇತ್ತು, ಗೋಡೆಯಲ್ಲಿ ಅರ್ಥಿಂಗ್ ಇರಲೇ ಇಲ್ಲ. ಅರ್ಥಿಂಗ್ ಮಾಡಿಸಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅನ್ನುವ ಸುರಕ್ಷತಾ ಸ್ವಿಚ್ ಹಾಕಿಸಿದೆ. ಕರೆಂಟು ಸ್ವಲ್ಪ ಸೋರಿದರೂ ಅದು ತಾನೇ ಬಂದ್ ಆಗುತ್ತದೆ. ನಿಮ್ಮ ಅಂಗಡಿಯಲ್ಲೂ ಕುರ್ಚಿ ಸರಿಸಿ ಒಮ್ಮೆ ಕೆಳಗೆ ನೋಡಿ, ದಯವಿಟ್ಟು. ಬೇಸಿಗೆಯಲ್ಲಿ ಕೂಲರ್ ಶಾಕ್ ಹೊಡೆದು ಸತ್ತವರ ಸುದ್ದಿ ನಾವೆಲ್ಲ ಓದಿದ್ದೇವೆ ಅಲ್ವಾ.

ಕೂಲರ್ ಜಾಗವನ್ನೂ ಬದಲಿಸಿದೆ. ಮುಂಚೆ ಗಾಳಿ ನೇರ ಮುಖಕ್ಕೆ ಬರುತ್ತಿತ್ತು. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ, ಅದರ ಮೇಲೆ ಗಾಳಿ ಬಡಿದರೆ ಕಣ್ಣು ಒಣಗಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಈಗ ಪಕ್ಕದಿಂದ ಬರುತ್ತದೆ. ಸಂಜೆ ಕಣ್ಣುರಿ ಎಷ್ಟೋ ಕಡಿಮೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡಿ ಅನ್ನುತ್ತಾರಲ್ಲ, ನಾನು ರಸ್ತೆಯಾಚೆಯ ಬೇವಿನ ಗಿಡ ನೋಡುತ್ತೇನೆ. ಮಾನಿಟರ್ ಕೆಳಗೆ 500 ಹಾಳೆಯ ಎ4 ಬಂಡಲ್ ಒಂದು ಇಟ್ಟೆ, ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ಟೈಪ್ ಮಾಡುವ ಕೈಬರಹದ ಹಾಳೆ ಮುಂಚೆ ಎಡಕ್ಕೆ ಟೇಬಲ್ ಮೇಲೆ ಮಲಗಿರುತ್ತಿತ್ತು, ಕುತ್ತಿಗೆ ದಿನವಿಡೀ ಅತ್ತ ಬಾಗಿರುತ್ತಿತ್ತು. ಮಾವನವರು ಪುರಾಣ ಓದಲು ಬಳಸುವಂಥದ್ದೇ ಒಂದು ವ್ಯಾಸಪೀಠ ತಂದು ಕೀಬೋರ್ಡ್ ಹಿಂದೆ, ಸ್ಕ್ರೀನ್ ಮುಂದೆ ಇಟ್ಟಿದ್ದೇನೆ. ಕುತ್ತಿಗೆಗೆ ಇದರಿಂದ ಆದಷ್ಟು ಉಪಕಾರ ಕುರ್ಚಿಯಿಂದಲೂ ಆಗಿಲ್ಲ.

ಕೊರತೆಗಳೂ ಇವೆ. ಕುರ್ಚಿಯ ಕೈ ಮೇಲೆ ಕೆಳಗೆ ಆಗುವುದಿಲ್ಲ, ಟೇಬಲ್‌ಗೆ ತಾಗುತ್ತಿತ್ತು, ಕೊನೆಗೆ ಬಿಚ್ಚಿಸಿದೆ. ನಾಲ್ಕು ದಿನ ಅಂದವರು ಕೊಟ್ಟದ್ದು ಒಂಬತ್ತನೇ ದಿನ. ಬಿಲ್ ಕೇಳಿ ಬರೆಸಿಕೊಳ್ಳಬೇಕು. ಗ್ಯಾಸ್‌ಗೆ ಒಂದು ವರ್ಷ ಗ್ಯಾರಂಟಿ ಅಂತ ಬಾಯಿಮಾತು, ಅದನ್ನೂ ಬಿಲ್ ಮೇಲೆಯೇ ಬರೆಸಿದೆ. ಗಲ್ಲಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ.

ಮತ್ತೊಂದು. ನನ್ನ ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರ ಆಗುತ್ತಿತ್ತು. ಕುರ್ಚಿ ಬದಲಿಸಿದರೆ ಹೋಗುತ್ತದೆ ಅಂದುಕೊಂಡೆ, ಹೋಗಲಿಲ್ಲ. ಡಾಕ್ಟರ್ ನೋಡಿ ಮಣಿಕಟ್ಟಿನಲ್ಲಿ ನರ ಒತ್ತಿದೆ, ಕಾರ್ಪಲ್ ಟನಲ್ ಅಂದರು. ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿ ಮಲಗುತ್ತೇನೆ, ಈಗ ಕಡಿಮೆಯಾಗುತ್ತಿದೆ. ಇಂಥ ಜೋಮು ಇದ್ದವರು ಮೊದಲು ಡಾಕ್ಟರ್ ಹತ್ತಿರ ಹೋಗಿ, ಕುರ್ಚಿ ಅಂಗಡಿ ಆಮೇಲೆ.

ಐದು ತಿಂಗಳಾಯಿತು. ಸೀಟು ತಗ್ಗಾಗಿಲ್ಲ, ಗ್ಯಾಸ್ ಇಳಿದಿಲ್ಲ, ಸೊಂಟ ನೋವು ವಾರಕ್ಕೊಮ್ಮೆ ಬಂದರೆ ಹೆಚ್ಚು. ಹುಡುಗಿಗೂ ಒಂದು ಕುರ್ಚಿ ಹೇಳಿದ್ದೇನೆ, ಅವಳು ನನಗಿಂತ ಎತ್ತರ, ಅವಳ ಅಳತೆ ಬೇರೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಹೋಗುವಾಗ ಟೇಬಲ್ ಎತ್ತರ ಇಂಚಿನಲ್ಲಿ ಬರೆದುಕೊಂಡು ಹೋಗಿ, ಮೊದಲು ಕೇಳುವುದು ಅದನ್ನೇ.